ಬಿದ್ದ ಕೈಗೆ ಮನೆಯೇ ಗರಡಿ

ಲಕ್ವ ಹೊಡೆದವರಿಗೆ ಮಾಡಿಸುವ ಪುನಶ್ಚೇತನ ಚಿಕಿತ್ಸೆ ನೋಡುವವರಿಗೆ ಕೈಕಾಲಿನ ವ್ಯಾಯಾಮ. ನಿಜವಾಗಿ ಪಾಠ ನಡೆಯುವುದು ಮಿದುಳಿಗೆ. ರಕ್ತನಾಳ ಕಟ್ಟಿಕೊಂಡೋ ಒಡೆದೋ ಮಿದುಳಿನ ಒಂದು ಭಾಗ ಸತ್ತರೆ ಅದು ಮತ್ತೆ ಹುಟ್ಟುವುದಿಲ್ಲ. ಸುತ್ತ ಉಳಿದ ಭಾಗ ಮಾತ್ರ, ಕೆಲಸ ಕೊಟ್ಟರೆ, ಕಳೆದುಹೋದದ್ದರಲ್ಲಿ ಒಂದಿಷ್ಟನ್ನು ಹೊಸದಾಗಿ ಕಲಿಯುತ್ತದೆ. ಹೆಪ್ಪು ಕಟ್ಟಿ ಸ್ಟ್ರೋಕ್ ಆದಾಗ ನಾಲ್ಕೂವರೆ ಗಂಟೆಯೊಳಗೆ ಇಂಜೆಕ್ಷನ್ ಬಿದ್ದರೆ ಹೆಚ್ಚಿನ ಹಾನಿ ತಪ್ಪಬಹುದು ಎಂಬುದು ಈಗ ಹಲವರಿಗೆ ಗೊತ್ತು. ಡಿಸ್ಚಾರ್ಜ್ ಆದ ಮೇಲಿನ ವರ್ಷಗಳ ಬಗ್ಗೆ ಮಾತಾಡುವವರು ಕಡಿಮೆ.

ಉತ್ತರ ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆಯಿದೆ, ಮತ್ತೀಕೆರೆಯ ಮಗ್ಗುಲಲ್ಲೇ ರಾಮಯ್ಯ ಆಸ್ಪತ್ರೆಯಿದೆ. ಊರಿನ ದಕ್ಷಿಣಕ್ಕೆ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೆಂದೇ ಪುನಶ್ಚೇತನ ವಿಭಾಗವಿದೆ. ಆದರೆ ಯಲಹಂಕದಿಂದ ಹೊರಟು ಹೆಬ್ಬಾಳ ಫ್ಲೈಓವರ್ ದಾಟಿ ಅಲ್ಲಿಗೆ ಹೋಗಿಬಂದರೆ ಮುಕ್ಕಾಲು ಗಂಟೆಯ ವ್ಯಾಯಾಮಕ್ಕೆ ಅರ್ಧ ದಿನ ಕಳೆಯುತ್ತದೆ. ಆರ್.ಟಿ. ನಗರದ ಲಿಫ್ಟಿಲ್ಲದ ಎರಡನೇ ಮಹಡಿಯ ಬಾಡಿಗೆ ಮನೆಯಿಂದ ರೋಗಿಯನ್ನು ಇಳಿಸುವುದೇ ಇಬ್ಬರ ಕೆಲಸ. ಹೀಗಾಗಿ ಫಿಸಿಯೋಥೆರಪಿಸ್ಟ್ ಸ್ಕೂಟರಿನಲ್ಲಿ ಮನೆಗೇ ಬರುತ್ತಾರೆ. ಅವರು ಇರುವುದು ಹೆಚ್ಚೆಂದರೆ ಒಂದು ಗಂಟೆ, ಉಳಿದ 23 ಗಂಟೆ ಮನೆಯವರ ಪಾಲು. ಚಿಕಿತ್ಸೆಯ ಗೆಲುವು ಸೋಲು ಬಹುಪಾಲು ಆ 23 ಗಂಟೆಯಲ್ಲೇ ಇದೆ.

ಮೊದಲು ಕಾಯಬೇಕಾದದ್ದು ಭುಜ. ತೋಳಿನ ಮೂಳೆಯನ್ನು ಭುಜದ ಕೀಲಿನಲ್ಲಿ ಹಿಡಿದಿಡುವುದು ಮುಖ್ಯವಾಗಿ ಸ್ನಾಯುಗಳು. ಅವು ಸಡಿಲವಾದಾಗ ಕೈಯ ಭಾರಕ್ಕೇ ಕೀಲು ಜಗ್ಗುತ್ತದೆ. ಹಾಸಿಗೆಯಿಂದ ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೆದರೆ ತಿಂಗಳುಗಟ್ಟಲೆ ನೋವು ಕೂರುತ್ತದೆ. ಕೈಯನ್ನು ಎಳೆಯದೆ ಬೆನ್ನಿಗೂ ಸೊಂಟಕ್ಕೂ ಆಸರೆ ಕೊಟ್ಟು ಎಬ್ಬಿಸಬೇಕು, ಕೂತಾಗ ಕೈಯಡಿಗೆ ದಿಂಬು ಇಡಬೇಕು. ಅಂಗಿ ತೊಡಿಸುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಮೆಟ್ಟಿಲು ಹತ್ತುವಾಗ ಮುಂದಿಡುವುದು ಒಳ್ಳೆಯ ಕಾಲು, ಇಳಿಯುವಾಗ ಸೋತ ಕಾಲು. ಹೇಳಿದರೆ ಇಷ್ಟೇ. ಇದನ್ನು ತಿಳಿಸಿ, ಮನೆಯವರ ಕೈಯಲ್ಲೇ ಮಾಡಿಸಿ ಕಳಿಸಿದರೆ ಎಷ್ಟೋ ನೋವು, ಎಷ್ಟೋ ಬೀಳುವಿಕೆ ತಪ್ಪುತ್ತದೆ.

ಕಾಲು ಬೇಗ ಬರುತ್ತದೆ, ಕೈ ತಡ ಎಂಬುದು ಬಹಳ ಮನೆಗಳ ಅನುಭವ. ತಡಕ್ಕೆ ಗಾಯವೊಂದೇ ಕಾರಣವಲ್ಲ, ಅಭ್ಯಾಸದ ಪಾಲೂ ಇದೆ. ಒಂದು ಕೈಯಲ್ಲಿ ಕೆಲಸ ಸಾಗುತ್ತದೆಂದು ಕಂಡ ಮೇಲೆ ಇನ್ನೊಂದನ್ನು ಮಿದುಳು ಬಿಟ್ಟೇಬಿಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೌಬ್ ಇದಕ್ಕೆ ಕಂಡುಕೊಂಡ ಉಪಾಯ, ಎಚ್ಚರವಿರುವ ಹೊತ್ತಿನ ಬಹುಪಾಲು ಒಳ್ಳೆಯ ಕೈಗೆ ಚೀಲ ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವುದು. ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಎರಡು ವಾರದ ಈ ಅಭ್ಯಾಸದ ಲಾಭ ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟನ್ನೂ ಬೆರಳನ್ನೂ ಸ್ವಲ್ಪವಾದರೂ ಎತ್ತಬಲ್ಲವರಿಗೆ ಮಾತ್ರ ಇದು ಸಲ್ಲುತ್ತದೆ. ಆದರೂ ‘ಆರು ತಿಂಗಳಲ್ಲಿ ಬಂದಷ್ಟೇ ಬಂತು’ ಎಂದು ಕೈಚೆಲ್ಲುವುದು ತಪ್ಪು ಎಂಬುದಕ್ಕೆ ಇಷ್ಟು ಸಾಕು. ಚೇತರಿಕೆಯ ಓಟ ಮೊದಲ ಮೂರು ತಿಂಗಳಲ್ಲಿ ಜೋರು, ಆಮೇಲೆ ನಿಧಾನ. ನಿಧಾನವೆಂದರೆ ನಿಂತಿತು ಎಂದಲ್ಲ.

ಈ ಪದ್ಧತಿಯ ಸಾಮಾನು ಅಡುಗೆಮನೆಯಲ್ಲೇ ಸಿಗುತ್ತದೆ. ತಟ್ಟೆಯಲ್ಲಿ ಹರಡಿದ ಕಡಲೆಕಾಳನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹೆಕ್ಕಿ ಬಟ್ಟಲಿಗೆ ಹಾಕಬೇಕು. ಮೊದಲ ದಿನ ಬೆರಳು ಕಾಳಿನ ಮೇಲೆ ಜಾರುತ್ತದೆ, ಭುಜ ಕಿವಿಯ ತನಕ ಏರುತ್ತದೆ, ಒಂದು ಕಾಳಿಗೆ ಹಣೆಯಲ್ಲಿ ಬೆವರು. ಆಗ ಪಕ್ಕದಲ್ಲಿ ಕೂತವರು ತಾವೇ ಎತ್ತಿ ಹಾಕದೆ ಕಾಯುವುದು ಬಲು ಕಷ್ಟ. ಆದರೂ ಕಾಯಬೇಕು. ಚಪಾತಿ ಹಿಟ್ಟು ನಾದುವುದು, ಬಟಾಣಿ ಸುಲಿಯುವುದು, ಟವೆಲ್ ಮಡಚುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಬಹುತೇಕರಲ್ಲಿ ಮಾತಿನ ನೆಲೆ ಮಿದುಳಿನ ಎಡಭಾಗ, ಆದ್ದರಿಂದ ಬಲಗೈ ಬಿದ್ದವರಲ್ಲಿ ಮಾತೂ ಹೋಗುವುದುಂಟು. ಅರ್ಥವಾಗುತ್ತದೆ, ಪದ ಹೊರಡುವುದಿಲ್ಲ. ಹೊರಟರೂ ಪ್ರತ್ಯಯ ಕಳಚಿಕೊಂಡು ‘ಮಗ... ಆಫೀಸು... ಹೋಗು’ ಎಂದಷ್ಟೇ ಬರಬಹುದು. ಅಂಥವರ ಮುಂದೆ ಕಿವುಡರೊಂದಿಗೆ ಮಾತಾಡಿದಂತೆ ಕೂಗುವುದು ಅವರಿಗೆ ದೊಡ್ಡ ನೋವು. ಹೆಸರು ಹೇಳಲಾಗದವರೂ ಒಂದು ಎರಡು ಮೂರು ಎಂದು ಎಣಿಸುವುದುಂಟು, ದಿನವೂ ಹಾಡುತ್ತಿದ್ದ ದೇವರನಾಮವನ್ನು ಸಲೀಸಾಗಿ ಹಾಡುವುದುಂಟು. ತರಬೇತಿ ಅಲ್ಲಿಂದಲೂ ಶುರುವಾಗಬಹುದು. ಮನೆಯಲ್ಲಿ ತೆಲುಗು ಅಥವಾ ಉರ್ದು, ಬೀದಿಯಲ್ಲಿ ಕನ್ನಡ ಆಡುವ ಯಲಹಂಕ, ಆರ್.ಟಿ. ನಗರದಂಥ ಕಡೆ ಯಾವ ಭಾಷೆ ಮೊದಲು ಮರಳುತ್ತದೆಂದು ಮುಂಚೆಯೇ ಹೇಳಲಾಗದು. ಕನ್ನಡಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪರೀಕ್ಷೆಗಳನ್ನೂ ತರಬೇತಿ ಕೈಪಿಡಿಗಳನ್ನೂ ರೂಪಿಸಿಕೊಟ್ಟಿದೆ.

ನುಂಗುವುದರಲ್ಲೂ ತೊಡಕಿರುತ್ತದೆ. ನೀರು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ತಜ್ಞರು ಹೇಳಿದ ಹದಕ್ಕೆ ಗಂಜಿ ಮಾಡಿ, ನೇರ ಕೂರಿಸಿ, ಚಮಚ ಚಮಚವಾಗಿ ಕೊಡಬೇಕು.

ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ. ‘ಮನಸ್ಸು ಮಾಡುತ್ತಿಲ್ಲ, ಸೋಮಾರಿ’ ಎಂಬ ಬೈಗುಳದ ಹಿಂದೆ ಎಷ್ಟೋ ಸಲ ಇರುವುದು ಇದೇ, ಮತ್ತು ಇದಕ್ಕೆ ಔಷಧವಿದೆ. ಹೊರಳಿಸಿ, ಸ್ನಾನ ಮಾಡಿಸಿ, ರಾತ್ರಿ ಎರಡು ಸಲ ಏಳುವ ಹೆಂಡತಿ ಅಥವಾ ಸೊಸೆಯ ಬೆನ್ನುನೋವನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ. ಬರೆಯಬೇಕು. ಪಾರಿವಾಳದ ರಕ್ತ ಹಚ್ಚಿಸಲು ಕರೆದೊಯ್ಯುವ ನೆಂಟರೂ ಇದ್ದಾರೆ. ಅದರಿಂದ ಗುಣವಿಲ್ಲ, ಅದನ್ನು ನಂಬಿ ಬಿಪಿ ಮಾತ್ರೆ ಬಿಟ್ಟರೆ ಎರಡನೇ ಸ್ಟ್ರೋಕ್‌ಗೆ ದಾರಿ.

ಆರೋಗ್ಯ ವಿಮೆಯ ಹಣ ಹೆಚ್ಚಾಗಿ ಆಸ್ಪತ್ರೆಯ ಬಿಲ್ಲಿಗೇ ಮುಗಿಯುತ್ತದೆ, ವರ್ಷಗಟ್ಟಲೆಯ ಫಿಸಿಯೋ ಖರ್ಚು ಮನೆಯ ಮೇಲೆ. ಉಳಿದ ಊನ ಶೇ 40ಕ್ಕೆ ಕಡಿಮೆಯಿಲ್ಲದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯ ಕೇಳಬಹುದು. ಅದಕ್ಕೆ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ ಸರ್ಕಾರ ಗೊತ್ತುಮಾಡಿದ ವೈದ್ಯರ ಮುಂದೆ ತಪಾಸಣೆಗೆ ಹೋಗಬೇಕು. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅವಧಿ ಮುಗಿಯುವ ಮುನ್ನ ಮತ್ತೊಮ್ಮೆ ತೋರಿಸಿಕೊಳ್ಳಬೇಕು.