ಕೃಷ್ಣೆಯ ದಂಡೆಗುಂಟ ಸೈಕಲ್ ಹೊಡೆದರೆ

ರಬಕವಿಯಿಂದ ಬೀಳಗಿಯವರೆಗೆ ಕೃಷ್ಣೆಯ ದಂಡೆಗುಂಟ ಸೈಕಲ್ ಹೊಡೆಯುವವರಿಗೆ ಏರಿನ ಕಾಟ ಹೆಚ್ಚಿಲ್ಲ. ಜಮಖಂಡಿಯ ಗುಡ್ಡ ಬಿಟ್ಟರೆ ಬಹುಪಾಲು ಎರೆಮಣ್ಣಿನ ಬಯಲು. ಎಡಕ್ಕೂ ಕಬ್ಬು, ಬಲಕ್ಕೂ ಕಬ್ಬು. ನಡುವೆ ಅರಿಷಿಣ, ಗೋವಿನಜೋಳ. ಹೊಳೆಯಿಂದ ಹೊಲಕ್ಕೆ ಪೈಪುಗಳು ರಸ್ತೆಯ ಅಡಿಯಲ್ಲಿ ನುಸುಳಿ ಹೋಗಿರುತ್ತವೆ. ಹೊಸದಾಗಿ ಬಂದವರು ಇದನ್ನೆಲ್ಲ ನೋಡಿ, ಕೃಷ್ಣೆ ಹರಿಯುವ ಕಡೆ ಹಸಿರು ತಾನಾಗಿಯೇ ಇರುತ್ತದೆ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಆದರೆ 1980ರ ದಶಕದ ಬೇಸಿಗೆಯಲ್ಲಿ ಇದೇ ದಾರಿಗೆ ಬಂದಿದ್ದರೆ ಅವರಿಗೆ ಕಾಣುತ್ತಿದ್ದದ್ದು ಬತ್ತಿದ ಹೊಳೆ, ಅಲ್ಲಲ್ಲಿ ಮಡುವು, ದಂಡೆಯ ಮೇಲೆ ಸುಮ್ಮನೆ ಕುಳಿತ ಪಂಪ್‌ಸೆಟ್ಟು. ಸೈಕಲ್ ಸವಾರನ ಕಣ್ಣು ತಂಪು ಮಾಡುವ ಈ ದಾರಿಗೆ ಒಂದು ಹುಟ್ಟಿದ ವರ್ಷವಿದೆ: 1989. ಹುಟ್ಟಿದ ಊರೂ ಇದೆ: ಚಿಕ್ಕಪಡಸಲಗಿ.

ಅಲ್ಲಿಗೆ ಹೋಗುವ ಮೊದಲು ಈ ಸೀಮೆಯ ಹಳೆಯ ಗಡಿಗಳನ್ನು ನೆನಪಿಸಿಕೊಳ್ಳಬೇಕು. ರಬಕವಿ ಮತ್ತು ತೇರದಾಳ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗೆ. ಇಂದು ಒಂದು ದಿನದ ಸೈಕಲ್ ದಾರಿಯಾಗಿರುವಷ್ಟು ನೆಲದಲ್ಲಿ ನಾಲ್ಕು ಆಡಳಿತ. ಒಂದೊಂದು ಊರೂ ತನ್ನ ದೊರೆಯ ಕಡೆ ಮುಖ ಮಾಡಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. ಆಮೇಲಿನ ದಶಕಗಳಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. 1970ರ ದಶಕದಲ್ಲಿ ಹಿಪ್ಪರಗಿ ಬ್ಯಾರೇಜಿನ ಮಾತು ಶುರುವಾಯಿತು. ಅಲ್ಲಿ ನೀರು ನಿಲ್ಲುವ ಹೊತ್ತಿಗೆ ಹೊಸ ಶತಮಾನವೇ ಬಂದಿತ್ತು.

ಈ ಕಾಯುವಿಕೆಯ ನಡುವೆ ಜಮಖಂಡಿ ತಾಲ್ಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡರು. ಅವರ ಲೆಕ್ಕ ಸರಳವಾಗಿತ್ತು. ಮಳೆಗಾಲದಲ್ಲಿ ಹೊಳೆ ದಂಡೆ ಮೀರಿ ಹರಿಯುತ್ತದೆ, ಬೇಸಿಗೆ ಬರುತ್ತಲೇ ಪಂಪಿನ ಬಾಯಿಗೆ ನೀರು ಸಿಗುವುದಿಲ್ಲ. ಮಳೆ ನಿಂತ ಮೇಲೆ ಹರಿದುಹೋಗುವ ಕೊನೆಯ ನೀರನ್ನು ಹಿಡಿದು ನಿಲ್ಲಿಸಿದರೆ ಬೇಸಿಗೆ ದಾಟಬಹುದು. ಅದಕ್ಕೆ ಭಾರಿ ಅಣೆಕಟ್ಟು ಬೇಕಿಲ್ಲ, ಊರು ಮುಳುಗಿಸಬೇಕಿಲ್ಲ. ಹೊಳೆಗೆ ಅಡ್ಡಲಾಗಿ ಕಂಬಗಳ ಸಾಲು, ಕಂಬಗಳ ನಡುವೆ ಹಾಕಿ ತೆಗೆಯುವ ಗೇಟು ಇದ್ದರೆ ಸಾಕು. ಪ್ರವಾಹದ ದಿನಗಳಲ್ಲಿ ಗೇಟು ತೆಗೆದು ಹೊಳೆಗೆ ದಾರಿ ಬಿಡುವುದು, ಮಳೆ ಇಳಿದ ಮೇಲೆ ಮುಚ್ಚುವುದು. ಪಂಚಗಂಗೆಯ ಸೀಮೆಯಲ್ಲಿ ಇಂಥ ಕಟ್ಟೆಗಳು ಮೊದಲಿನಿಂದ ಇದ್ದವು. ಕೊಲ್ಹಾಪುರ ಮಾದರಿ ಎನ್ನುವ ಹೆಸರು ಎಂಜಿನಿಯರುಗಳ ಪುಸ್ತಕಕ್ಕೆ ಬಂದದ್ದೂ ಅಲ್ಲಿಂದಲೇ.

ಲೆಕ್ಕ ಸರಳ, ಹೊಳೆ ಮಾತ್ರ ಸಣ್ಣದಲ್ಲ. ಕೃಷ್ಣೆ ಇಲ್ಲಿಗೆ ಬರುವಾಗ ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ಎಲ್ಲವನ್ನೂ ಕೂಡಿಸಿಕೊಂಡಿರುತ್ತಾಳೆ. ಅಂಥ ಹೊಳೆಗೆ ಅಡ್ಡ ಕಟ್ಟುವುದು ಸರ್ಕಾರದ ಕೆಲಸ, ರೈತರ ಕೈಯಲ್ಲಿ ಆಗುವುದಲ್ಲ ಎನ್ನುವ ಕಾಲ ಅದು. ರೈತರು ತಾವೇ ದುಡ್ಡು ಕೂಡಿಸಿದರು, ತಾವೇ ಬಂದು ದುಡಿದರು. ಕೋಟಿ ರೂಪಾಯಿಯ ಆಸುಪಾಸಿನ ಖರ್ಚಿನಲ್ಲಿ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಬ್ಯಾರೇಜು ಎದ್ದು ನಿಂತಿತು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ದೇಶದಲ್ಲಿ ರೈತರೇ ಕಟ್ಟಿದ ಮೊದಲ ಬ್ಯಾರೇಜು ಎಂದು ಅದು ಹೆಸರಾಯಿತು. ನ್ಯಾಮಗೌಡರು ಆವತ್ತಿನಿಂದ ‘ಬ್ಯಾರೇಜ್ ಸಿದ್ದು’ ಆದರು.

ಎರಡೇ ವರ್ಷಕ್ಕೆ, 1991ರ ಲೋಕಸಭಾ ಚುನಾವಣೆಯಲ್ಲಿ, ಇದೇ ಬ್ಯಾರೇಜ್ ಸಿದ್ದು ಬಾಗಲಕೋಟೆಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಮುಖ್ಯಮಂತ್ರಿಯಾಗಿದ್ದವರು, ದೇಶಕ್ಕೇ ಪರಿಚಿತ ಮುಖ, ಅಂಥವರ ಎದುರು ಹೊಳೆಗೆ ಕಟ್ಟೆ ಕಟ್ಟಿಸಿದ ರೈತ ಗೆದ್ದದ್ದು ಆಗ ದಿಲ್ಲಿಯವರೆಗೆ ಸುದ್ದಿಯಾಯಿತು. ಪಿ.ವಿ. ನರಸಿಂಹ ರಾವ್ ಅವರ ಸಂಪುಟದಲ್ಲಿ ರಾಜ್ಯ ಸಚಿವರೂ ಆದರು. ಚಿಕ್ಕಪಡಸಲಗಿಯ ದಂಡೆಯಲ್ಲಿ ಸೈಕಲ್ ಒರಗಿಸಿ ಆ ಕಂಬಗಳ ಸಾಲು ನೋಡುವಾಗ ನನಗೆ ದೊಡ್ಡದೆನಿಸುವುದು ಆ ಗೆಲುವಿಗಿಂತ ಅದಕ್ಕೆ ಮುಂಚಿನ ವರ್ಷಗಳು. ರೊಕ್ಕ ಕೊಟ್ಟ ರೈತನಿಗೆ ನೀರು ನಿಲ್ಲುತ್ತದೆ ಎಂಬ ಖಾತ್ರಿ ಏನಿತ್ತು? ಕಂಬ ಮೊದಲ ಪ್ರವಾಹ ತಡೆಯುತ್ತದೆಂದು ಯಾರು ಬರೆದುಕೊಟ್ಟಿದ್ದರು? ಆದರೂ ಕೊಟ್ಟರು.

ಆಮೇಲೆ ಕೃಷ್ಣೆಗೂ ಘಟಪ್ರಭೆಗೂ ಬ್ಯಾರೇಜುಗಳು ಸಾಲಾಗಿ ಬಂದವು. ನಿಂತ ನೀರಿನ ಜತೆಗೆ ದಂಡೆಯ ದಾರಿಯೂ ಬದಲಾಯಿತು. ಬಿತ್ತುವ ಬೆಳೆ ಜೋಳದಿಂದ ಕಬ್ಬಿಗೆ ತಿರುಗಿತು, ಸಕ್ಕರೆ ಕಾರ್ಖಾನೆಗಳು ಹೆಚ್ಚಿದವು. ಇತ್ತೀಚಿನ ವರ್ಷಗಳಲ್ಲಿ ಶ್ರಮಬಿಂದು ಸಾಗರದ ನೀರೂ ಬೇಸಿಗೆಗೆ ಸಾಲದಾಗಿದೆ. ಸಂಘದ ರೈತರು ಕೆಳಗಿನ ಆಲಮಟ್ಟಿ ಹಿನ್ನೀರನ್ನು ಪಂಪಿನಿಂದ ಎತ್ತಿ ಮೇಲಿನ ತಮ್ಮ ಬ್ಯಾರೇಜಿಗೆ ತುಂಬಿಸುತ್ತಾರೆ. ಹೊಳೆಯನ್ನು ಹಿಂದಕ್ಕೆ ಹತ್ತಿಸುವ ಈ ಕೆಲಸದಲ್ಲೂ ಮುಂದೆ ನಿಂತವರು ರೈತರೇ.

ಇದರ ಪಕ್ಕಕ್ಕೆ ರಬಕವಿಯ ದಂಡೆಯನ್ನಿಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ. ರಬಕವಿಗೂ ಆಚೆ ದಡದ ಅಥಣಿ ತಾಲ್ಲೂಕಿನ ಮಹಿಷವಾಡಗಿಗೂ ನಡುವೆ ಇರುವುದು ಒಂದು ಹೊಳೆ ಅಷ್ಟೆ. ಅಲ್ಲಿನ ಸೇತುವೆಯ ಕಾಮಗಾರಿ ವರ್ಷಗಟ್ಟಲೆ ಕುಂಟುತ್ತ ಬಂತು. ಜನ ದೋಣಿಯಲ್ಲೇ ದಾಟಿದರು. ನೇಕಾರರ ಊರಿಗೆ ಆಚೆ ದಡದಿಂದ ಸಂತೆಗೆ, ಶಾಲೆಗೆ, ದವಾಖಾನೆಗೆ ಬರುವವರೆಲ್ಲ ಹೊಳೆಯ ಮರ್ಜಿ ಕಾಯಬೇಕಾಯಿತು. ಸೈಕಲ್ ಪ್ರವಾಸಿಗೆ ದೋಣಿ ಒಂದು ಖುಷಿಯ ತಿರುವಾಗಬಹುದು. ದಿನಾ ದಾಟುವವರ ಪಾಡು ಬೇರೆ. ರೈತರು ತಮ್ಮ ಗಂಟಿನಿಂದ ಹೊಳೆ ಕಟ್ಟಿದ ಸೀಮೆಯಲ್ಲಿ, ಸರ್ಕಾರದ ಖಜಾನೆಯಿಂದ ಒಂದು ಸೇತುವೆ ಮುಗಿಸಲು ಇಷ್ಟು ತಡ ಯಾಕೆ ಆಗಬೇಕು?

ಸೈಕಲ್ ವಿಷಯದಲ್ಲೂ ಈ ಸೀಮೆಯ ಕಥೆ ಹೀಗೆಯೇ. ಕರ್ನಾಟಕದ ರೋಡ್ ಸೈಕ್ಲಿಂಗ್ ಎಂದರೆ ಬಹುಮಟ್ಟಿಗೆ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಹಳ್ಳಿಯ ಹುಡುಗ ಹುಡುಗಿಯರು. ಜಾತ್ರೆ ಬಂದರೆ ಕುಸ್ತಿ, ಬಂಡಿ ಓಟದ ಜತೆಗೆ ಸೈಕಲ್ ಶರ್ಯತ್ತೂ ಇರಬೇಕು. ಬಹುಮಾನ ಊರವರೇ ಇಡುತ್ತಾರೆ. ಅಪ್ಪನ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಕಲಿತ ಮಕ್ಕಳು ಮೊದಲು ಆ ಶರ್ಯತ್ತಿಗೆ ಇಳಿದು, ಅಲ್ಲಿಂದ ಕ್ರೀಡಾ ವಸತಿ ನಿಲಯಕ್ಕೆ, ರಾಷ್ಟ್ರೀಯ ಪದಕಕ್ಕೆ ಹೋದರು. ರಾಷ್ಟ್ರೀಯ ರೋಡ್ ಸೈಕ್ಲಿಂಗ್ ಚಾಂಪಿಯನ್‌ಶಿಪ್ ನಡೆಸಿದ ಊರು ಜಮಖಂಡಿ. ಹಾಗಿದ್ದೂ ವಿಜಯಪುರದ ವೆಲೊಡ್ರೋಮ್ ವರ್ಷಾನುಗಟ್ಟಲೆ ಮುಗಿಯದೆ ಉಳಿಯಿತು. ಮಕ್ಕಳು ಲಾರಿ, ಬಸ್ಸುಗಳ ನಡುವೆ ನಸುಕಿನ ಹೆದ್ದಾರಿಯಲ್ಲೇ ಅಭ್ಯಾಸ ಮಾಡಿದರು. 2006-07ರಲ್ಲಿ ಶುರುವಾದ ಸರ್ಕಾರಿ ಸೈಕಲ್ ಯೋಜನೆ ಎಂಟನೇ ತರಗತಿಯ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ದಂಡೆಯ ಹಳ್ಳಿಯಿಂದ ಹೈಸ್ಕೂಲಿನ ದಾರಿ ತೆರೆದಿತ್ತು. ಕೊರೊನಾ ಬಂದಾಗ ಅದೂ ನಿಂತಿತು. ಆ ಯೋಜನೆ ನಿಂತಿದ್ದಕ್ಕೆ ಆಗಬೇಕಾದಷ್ಟು ಗಲಾಟೆ ಆಗಲೇ ಇಲ್ಲ ಎಂಬ ಕೊರಗು ನನಗಿದೆ.

ಗಲಗಲಿ ದಾಟಿ ಬೀಳಗಿಯ ಕಡೆ ಹೊರಳಿದರೆ ಹೊಳೆ ಹೊಳೆಯಾಗಿ ಉಳಿಯುವುದಿಲ್ಲ. ಆಲಮಟ್ಟಿಯ ಹಿನ್ನೀರು ಕಣ್ಣು ಹರಿಯುವಷ್ಟೂ ಹರಡಿರುತ್ತದೆ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮ ಇರುವುದು ಈ ಕಡೆಗೇ. ಬೀಳಗಿ ತಾಲ್ಲೂಕಿನ ಎಷ್ಟೋ ಊರುಗಳು ಎದ್ದು ಪುನರ್ವಸತಿ ಕೇಂದ್ರಗಳಾಗಿವೆ. ಚೌಕ ಚೌಕದ ಓಣಿಗಳ ಆ ಹೊಸ ಊರುಗಳಲ್ಲಿ ಅಗಸಿ ಇಲ್ಲ, ಹಳೆಯ ಕಟ್ಟೆ ಇಲ್ಲ. ಮತ್ತೆ ಏಳುವ ಭಯವೂ ಇದೆ. ಆಲಮಟ್ಟಿಯ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ. 2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಹಾಗೆ ಏರಿದರೆ ಇನ್ನೂ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ. ಚಿಕ್ಕಪಡಸಲಗಿಯಲ್ಲಿ ನೀರು ಹೊಳೆಯ ಒಡಲಲ್ಲೇ ನಿಂತು ಹೊಲ ಬೆಳೆಸಿತು. ಅದರ ಕೆಳಗೆ, ಒಂದು ದಿನದ ಸವಾರಿಯೊಳಗೆ, ಹೊಲವನ್ನೇ ನುಂಗಿದ ನೀರಿದೆ. ಇವೆರಡನ್ನೂ ಒಟ್ಟಿಗೆ ನೋಡಬೇಕೆಂದೇ ಈ ದಾರಿಯನ್ನು ಸೈಕಲ್ ಮೇಲೆ ಹೋಗಿ ಎನ್ನುತ್ತೇನೆ. ಕಾರಿನಲ್ಲಿ ಹೋದವರಿಗೆ ಎರಡೂ ಬರೀ ನೀರಾಗಿಯೇ ಕಾಣುತ್ತವೆ.

ಬಾಗಲಕೋಟೆ ಜಿಲ್ಲೆಯ ಪ್ರವಾಸವೆಂದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ಎಂದಷ್ಟೇ ರೂಢಿಯಾಗಿದೆ. ಶ್ರಮಬಿಂದು ಸಾಗರ ಅದರಲ್ಲಿ ಸೇರಬೇಕು. ನ್ಯಾಮಗೌಡರು 2018ರಲ್ಲಿ ಜಮಖಂಡಿಯಿಂದ ಮತ್ತೆ ಶಾಸಕರಾಗಿ ಗೆದ್ದ ಕೆಲವೇ ದಿನಗಳಲ್ಲಿ, ಮೇ 28ರಂದು, ತುಳಸಿಗೇರಿಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಜತೆ ಕೈಜೋಡಿಸಿ ದುಡಿದ ರೈತರಿಗೂ ಈಗ ವಯಸ್ಸಾಗಿದೆ. ಯಾರು ಎಷ್ಟು ಕೊಟ್ಟರು, ಯಾವ ಊರಿನವರು ಯಾವ ಪಾಳಿಗೆ ಬಂದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸ ಇನ್ನು ತಡ ಮಾಡುವಂಥದ್ದಲ್ಲ.

ಹೋಗುವವರಿಗೆ ಒಂದೆರಡು ಮಾತು. ಬೀಳಗಿಯಿಂದ ಮುಧೋಳಕ್ಕೆ ಬಂದು ಘಟಪ್ರಭೆಯ ದಂಡೆ ಹಿಡಿದರೆ ಮಹಾಲಿಂಗಪುರದ ಬೆಲ್ಲದ ಪೇಟೆ ನೋಡಿಕೊಂಡು ರಬಕವಿಯ ಪಕ್ಕದ ಬನಹಟ್ಟಿಗೆ ಮರಳಬಹುದು. ಅಲ್ಲಿ ಓಣಿ ಓಣಿಯಲ್ಲಿ ಮಗ್ಗದ ಸದ್ದು. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಸಿಗುತ್ತದೆ. ಪಂಕ್ಚರ್ ಆದರೆ ಹೆದರಬೇಕಿಲ್ಲ, ‘ಎಲ್ಲಿಂದ ಬಂದ್ರೀ, ಕೂಡ್ರಿ, ಛಾ ಕುಡೀರಿ’ ಎಂದು ಕೂರಿಸಿಕೊಂಡೇ ಕೆಲಸ ಶುರು ಮಾಡುತ್ತಾರೆ. ಆಗಸ್ಟಿನಲ್ಲಿ ಮಾತ್ರ ಘಟಪ್ರಭೆ ನಂಬುವಂತಿಲ್ಲ. ಯಾದವಾಡ, ಢವಳೇಶ್ವರ, ನಂದಗಾಂವದ ತಗ್ಗು ಸೇತುವೆಗಳು ಪ್ರವಾಹ ಬಂದಾಗ ಮುಳುಗುತ್ತವೆ. 2019ರಲ್ಲಿ ದಂಡೆಯ ಊರುಗಳಿಗೇ ನೀರು ನುಗ್ಗಿತ್ತು. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಆದರೆ ಅದೇ ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ಹೊರಟಿರುತ್ತವೆ, ಎಷ್ಟೋ ಟ್ರೇಲರಿಗೆ ಹಿಂದೆ ಕೆಂಪು ದೀಪವೂ ಇರುವುದಿಲ್ಲ. ಕತ್ತಲಾಗುವುದರೊಳಗೆ ಊರು ಸೇರಿಕೊಳ್ಳಿ.