ಆಸರಿ ಕೇಳುವ ಅಧಿಕಾರ

ಶಿರಸಿ ಸೀಮೆಯ ಹವ್ಯಕರ ಮನೆಗೆ ಹೋದವರು ಜಗುಲಿಯಲ್ಲಿ ಕುಳಿತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಒಂದು ಪ್ರಶ್ನೆ ಬರುತ್ತದೆ: ‘ಆಸರಿಗೆ ಎಂತ ಬೇಕು?’ ನೀರು ಬೆಲ್ಲವೋ, ಮಜ್ಜಿಗೆಯೋ, ಚಹವೋ ಎಂದು ಅದರ ಅರ್ಥ. ಬಹಳ ವರ್ಷ ನಾನಿದನ್ನು ಬರಿಯ ಉಪಚಾರದ ಮಾತೆಂದೇ ತಿಳಿದಿದ್ದೆ. ಕೇಳುವವನು ಮನೆಯವನು, ಹೇಳುವವನು ಬಂದವನು. ಆ ಒಂದು ಪ್ರಶ್ನೆಯಿಂದಲೇ ಮನೆ ಯಾರದೆಂಬುದು ಇಬ್ಬರಿಗೂ ಮನದಟ್ಟಾಗುತ್ತದೆ ಎಂಬುದು ಈಚೆಗೆ ಹೊಳೆಯಿತು. ಅದಕ್ಕೆ ಕಾರಣ ನಮ್ಮೂರಿನ ದಾರಿಯಲ್ಲಿ ಶನಿವಾರ ಶನಿವಾರ ಸಾಲುಗಟ್ಟುವ ಕಾರುಗಳು.

ಅತಿಥಿಗಳು ಬಂದರೆಂದು ಕಂಗೆಡುವ ನಾಡಲ್ಲ ಇದು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಲಕ್ಷಾಂತರ ಜನ ಸೇರುವರು. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿ ಕುಳಿತಿರುವಷ್ಟು ದಿನವೂ ಪೇಟೆಯ ಮನೆಗಳಲ್ಲಿ ನೆಂಟರಿಗೆ ಹಾಸುವ ಚಾಪೆ ಸಾಲದು. ಆದರೂ ಊರು ಕೈಬಿಟ್ಟು ಹೋಗುವುದಿಲ್ಲ. ದಿನ ನಿಶ್ಚಯಿಸುವುದರಿಂದ ಮೊದಲುಗೊಂಡು ರಥಕ್ಕೆ ಮರ ತರುವವರೆಗೆ ಒಂದೊಂದು ಕೆಲಸಕ್ಕೂ ಒಂದೊಂದು ಮನೆತನ, ಒಂದೊಂದು ಜಾತಿಯ ಬಾಬುದಾರರು ಇದ್ದಾರೆ. ಬಂದವರೆಲ್ಲ ಊರಿನ ಕ್ರಮಕ್ಕೆ ತಲೆಬಾಗುವರು. ಕ್ರಮವೆಂದರೆ ಕಲ್ಲಿನಲ್ಲಿ ಕೊರೆದದ್ದೆಂದೂ ಅಲ್ಲ. ಗಾಂಧೀಜಿಯವರು ಶಿರಸಿಗೆ ಬಂದ 1934ರ ಸುಮಾರಿನಲ್ಲಿ ಜಾತ್ರೆಯ ಕೋಣನ ಬಲಿಯನ್ನು ಊರವರು ಕೈಬಿಟ್ಟರು. ಅತಿಥಿಯ ಮಾತಿಗೆ ಕಿವಿಗೊಟ್ಟರು ನಿಜ. ನಿರ್ಧಾರ ಮಾತ್ರ ಊರಿನದಾಗಿತ್ತು.

ಜಲಪಾತಗಳ ಪಾಡು ಬೇರೆ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಆಚೆ ಅಘನಾಶಿನಿ 116 ಮೀಟರು ಕೆಳಕ್ಕೆ ಧುಮುಕುವ ಉಂಚಳ್ಳಿ ಜಲಪಾತವನ್ನು 1845ರಲ್ಲಿ ಲಷಿಂಗ್ಟನ್ ಎಂಬ ಆಂಗ್ಲ ಕಲೆಕ್ಟರು ‘ಕಂಡುಹಿಡಿದ’ರಂತೆ, ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ಸುತ್ತಲಿನವರು ಅದನ್ನು ಕೆಪ್ಪ ಜೋಗವೆಂದು ಕರೆಯುತ್ತ ಬಂದಿದ್ದಾರೆ, ಅದರ ಮೊರೆತಕ್ಕೆ ಕಿವಿ ಕೆಪ್ಪಾಗುತ್ತದೆಂದು. ಬಳಿಯಲ್ಲಿ ಬಾಳಿದವರು ಕಿವಿಯಿಂದ ಹೆಸರಿಟ್ಟರು. ನೋಡಲು ಬಂದವರು ತಮ್ಮ ಹೆಸರನ್ನೇ ಇಟ್ಟರು. ಇಂದು ಭಾವಚಿತ್ರ ತೆಗೆದುಕೊಂಡು ಹಿಂದಿರುಗುವವರನ್ನು ಕಂಡಾಗ ನನಗೆ ಆ ಕಲೆಕ್ಟರರ ನೆನಪಾಗುತ್ತದೆ. ಈ ಹೋಲಿಕೆ ತುಸು ಕಟುವಾಯಿತೇನೋ, ವಾಚಕರು ಕ್ಷಮಿಸಬೇಕು.

ಯಲ್ಲಾಪುರದ ಮಾಗೋಡಿನಲ್ಲಿ ನಿಂತಾಗ ಇನ್ನೊಂದು ವಿಚಾರ ಬರುತ್ತದೆ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆ ಬಂದಾಗ ಇಲ್ಲಿನ ಅಡಕೆ ತೋಟಿಗರು ಬರಿಯ ಮೊರೆಯಿಡಲಿಲ್ಲ. 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ, ಲಾಭನಷ್ಟದ ಲೆಕ್ಕವನ್ನು ಅವರೆದುರು ಬಿಚ್ಚಿಟ್ಟರು. ಯೋಜನೆ ಹಿಂದೆ ಸರಿಯಿತು. ಎರಡು ವರ್ಷಗಳ ತರುವಾಯ, 1983ರ ಸಪ್ಟೆಂಬರಿನಲ್ಲಿ, ಸಾಲ್ಕಣಿಯ ಸುತ್ತಿನವರು ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಪ್ರವಾಸಿಗಳು ಇಂದು ‘ಎಂಥ ಹಸುರು!’ ಎಂದು ಬೆರಗಾಗುವರಷ್ಟೆ. ಆ ಹಸುರಿನಲ್ಲಿ ಒಂದು ಪಾಲು ಹಳ್ಳಿಗರ ಹಟದ್ದು. ಹೀಗಿರುವಾಗ ಅದನ್ನು ತೋರಿಸುವ ಬಗೆಯನ್ನು ಗೊತ್ತುಮಾಡುವಾಗ ಮಾತ್ರ ಅವರನ್ನು ಕೇಳದಿರುವುದು ಯಾವ ನ್ಯಾಯ?

ಕೇಳಿದರೆ ಅವರು ಹೇಳಬಲ್ಲ ಸಂಗತಿಗಳು ಸಣ್ಣವಲ್ಲ. ಶಾಲ್ಮಲೆಯ ಸಹಸ್ರಲಿಂಗದಲ್ಲಿ ಹೊಳೆ ಇಳಿದಾಗ ಮಾತ್ರ ಬಂಡೆಯ ಲಿಂಗಗಳು ಕಾಣುತ್ತವೆ. ಯಾವ ಬಂಡೆ ಜಾರುವುದು, ಯಾವ ಮಡುವಿನಲ್ಲಿ ಸೆಳೆತವಿದೆ ಎಂಬುದು ದಡದವರಿಗೆ ಗೊತ್ತು, ಫಲಕಕ್ಕೆ ಗೊತ್ತಿಲ್ಲ. ಸಾತೊಡ್ಡಿ ಜಲಪಾತದ ಸೀಮೆಯ ಕಳಚೆಯಲ್ಲಿ 2021ರ ಜುಲೈ ಮಳೆಗೆ ಗುಡ್ಡವೇ ಜರಿದು ತೋಟ, ಮನೆ, ರಸ್ತೆಗಳನ್ನು ಕೊಂಡೊಯ್ದಿತು. ಅಂಥ ನೆಲದಲ್ಲಿ ಎಲ್ಲಿ ರಸ್ತೆ ಅಗಲಮಾಡಬಹುದು, ಎಲ್ಲಿ ಕೂಡದು ಎಂಬುದನ್ನು ಅಲ್ಲಿ ಉಳಿದವರನ್ನು ಬಿಟ್ಟು ಇನ್ನಾರನ್ನು ಕೇಳಬೇಕು? ವಾಹನ ನಿಲುಗಡೆಯ ಶುಲ್ಕವನ್ನು ಗ್ರಾಮ ಅರಣ್ಯ ಸಮಿತಿಯೇ ಪಡೆದು ದಾರಿ ಗುಡಿಸುವ ವ್ಯವಸ್ಥೆ ಕೆಲವು ತಾಣಗಳಲ್ಲಿದೆ. ಒಳ್ಳೆಯದೇ. ಆದರೆ ಕಸ ಗುಡಿಸುವ ಪಾಲು ಬಂದಷ್ಟು ಬೇಗ ನಿರ್ಧರಿಸುವ ಪಾಲು ಬಂದಿಲ್ಲ.

ಇಷ್ಟೆಲ್ಲ ಬರೆದವನ ಕೈಯೂ ಪೂರ್ತಿ ಶುದ್ಧವಲ್ಲ. ಅಡಕೆಗೆ ಕೊಳೆರೋಗ ಬಂದ ವರ್ಷ, ನಮ್ಮ ಹಳೆಯ ಮನೆಯ ಮೆತ್ತಿನ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡೋಣವೆಂದು ತಮ್ಮ ಕೇಳಿದಾಗ ನಾನು ಹ್ಞೂಂ ಎಂದಿದ್ದೆ. ಅವನ ಮಕ್ಕಳಿಬ್ಬರೂ ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ನಾಲ್ಕು ಕಾಸು ಹುಟ್ಟಿದರೆ ಒಬ್ಬನಾದರೂ ತೋಟಕ್ಕೆ ಹಿಂದಿರುಗಿಯಾನು ಎಂಬ ಆಸೆ ಅವನದು.

ಕಳೆದ ಮಳೆಗಾಲದಲ್ಲಿ ಈ ವಿಷಯಕ್ಕಾಗಿಯೇ ಊರವರು ಶಾಲೆಯ ಜಗುಲಿಯಲ್ಲಿ ಸೇರಿದರು. ಯಾವ ಮನೆಯಲ್ಲಿ ಎಷ್ಟು ಜನರನ್ನು ಇಳಿಸಬಹುದು, ಕಾರುಗಳನ್ನು ಎಲ್ಲಿ ತಡೆಯಬೇಕು, ಸಾರಾಯಿ ಸೀಸೆಗೆ ಏನು ದಂಡ ಎಂದು ಗಂಡಸರು ಎರಡು ತಾಸು ವಾದಿಸಿದೆವು. ಕಡೆಗೆ ದೊಡ್ಡಾಯಿ, ಕಂಬಕ್ಕೊರಗಿ ಕುಳಿತಲ್ಲಿಂದಲೇ, ವೈಶಾಖದಲ್ಲಿ ಅಬ್ಬಿ ನೀರು ಬೆರಳುಗಾತ್ರ ಬರುವಾಗ ಬಂದವರಿಗೆ ಮೀಯುವ ನೀರು ಎಲ್ಲಿಂದ ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ನೀರನ್ನು ಅಳೆದು ನೋಡಿಯೇ ಕೋಣೆಗಳ ಲೆಕ್ಕ ಎಂದು ಗೊತ್ತಾಯಿತು. ಅಳೆಯುವುದು ಬೇಸಗೆಗೆ ಎಂದಾಯಿತು. ತಮ್ಮ ಮನೆಗೆ ಬರುವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಂಗಳದಲ್ಲಿ ದಾರಿ ತಪ್ಪಿ ಬಂದ ಕಾರೊಂದು ನಿಂತಿತ್ತು. ಅವನು ಉಂಬಳ ಕಿತ್ತೊಗೆದು, ಕಾಲು ತೊಳೆದು, ಕಾರಿನ ಬಳಿಗೆ ಹೋಗಿ ಆಸರಿಗೆ ಏನು ಬೇಕೆಂದು ಕೇಳಿದ.