ಎರಡು ಬಿಲ್ಲು ಕೈಲಿದ್ದರೆ ದರ ಗೊತ್ತಾದಂತೆಯೇ?

ಎರಡು ಸಮೀಕರಣಗಳಿಂದ ಒಂದು ಅವ್ಯಕ್ತವನ್ನು ತೆಗೆದು ಇನ್ನೊಂದನ್ನು ಕಂಡುಕೊಳ್ಳುವ, ಎಸ್ಸೆಸ್ಸೆಲ್ಸಿಯಲ್ಲಿ ಕಲಿಸುವ ‘ವರ್ಜಿಸುವ ವಿಧಾನ’ ಯುರೋಪಿನದು, ಜರ್ಮನ್ ಗಣಿತಜ್ಞ ಗೌಸ್ ಕಂಡುಹಿಡಿದದ್ದು ಎಂಬ ಮಾತಿದೆ. ಗೌಸ್ ಹುಟ್ಟಿದ್ದೇ 1777ರಲ್ಲಿ. ಒಂಬತ್ತನೆಯ ಶತಮಾನದಲ್ಲೇ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಲೆಕ್ಕ ಬಿಡಿಸಿದ್ದರು. ಗ್ರಂಥದ ಮೊದಲಲ್ಲೇ ಅವರು ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಹಾಗೆಂದು ನಾವೇ ಮೊದಲಿಗರು ಎಂದು ಬೀಗುವಂತಿಲ್ಲ. ಚೀನೀಯರು ಇದನ್ನು ಇನ್ನೂ ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು.

ಟ್ಯೂಷನ್ನಿನಲ್ಲಿ ಗಟ್ಟಿಯಾಗುವ ನಂಬಿಕೆ ಬೇರೆ: ಮೊದಲು ಸಹಗುಣಕ ಸಮ ಮಾಡಲೇಬೇಕು, ಆಮೇಲೆ ಕಳೆಯಬೇಕು. ಮಹಾವೀರರದೇ ಲೆಕ್ಕ ನೋಡಿ. 9 ಮಾದಲಹಣ್ಣು, 7 ಬೇಲದಹಣ್ಣಿಗೆ 107. 7 ಮಾದಲ, 9 ಬೇಲಕ್ಕೆ 101. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ, ಸಣ್ಣದನ್ನು ಸಣ್ಣದರಿಂದ ಗುಣಿಸಿ ಕಳೆ ಎನ್ನುತ್ತದೆ ಅವರ ಸೂತ್ರ: 963ರಲ್ಲಿ 707 ಹೋದರೆ 256. ಅದನ್ನು 9 ಮತ್ತು 7ರ ವರ್ಗಗಳ ವ್ಯತ್ಯಾಸ 32ರಿಂದ ಭಾಗಿಸಿದರೆ ಮಾದಲಕ್ಕೆ 8. ಗುಣಾಕಾರವೇ ಬೇಡವೆನ್ನುವವರು ಎರಡನ್ನೂ ಕೂಡಿಸಲಿ: 16 ಮಾದಲ, 16 ಬೇಲಕ್ಕೆ 208, ಅಂದರೆ ಜೋಡಿಗೆ 13. ಕಳೆದರೆ 2 ಮಾದಲದ ಬೆಲೆ 2 ಬೇಲಕ್ಕಿಂತ 6 ಹೆಚ್ಚು, ಒಂದಕ್ಕೆ 3. ಮಾದಲ 8, ಬೇಲ 5. ಎಷ್ಟು ಚೆಂದ! ಆದರೆ ಸಂಖ್ಯೆಗಳು ಹೀಗೆ ಅದಲುಬದಲಾಗಿ ಬಂದಾಗಷ್ಟೇ ಈ ಒಳದಾರಿ.

ಉತ್ತರ ಭಿನ್ನರಾಶಿಯಲ್ಲಿ ಬಂದರೆ ತಪ್ಪು ಎನ್ನುವುದೂ ಸುಳ್ಳು.

ಎಲ್ಲಕ್ಕಿಂತ ಹಟಮಾರಿ ನಂಬಿಕೆ: ಎರಡು ಅವ್ಯಕ್ತಕ್ಕೆ ಎರಡು ಸಮೀಕರಣ ಇದ್ದರೆ ಉತ್ತರ ಗ್ಯಾರಂಟಿ. ಇಳಕಲ್ಲಿನ ಅಂಗಡಿಯಲ್ಲಿ ಒಬ್ಬರು 2 ಇಳಕಲ್ ಸೀರೆ, 3 ಗುಳೇದಗುಡ್ಡ ಖಣಕ್ಕೆ 3,900 ರೂಪಾಯಿ ಕೊಟ್ಟರು ಅನ್ನಿ. ಹುನಗುಂದದಿಂದ ಬಂದ ಇನ್ನೊಬ್ಬರು 2 ಸೀರೆ, 5 ಖಣಕ್ಕೆ 4,500 ಕೊಟ್ಟರೆ ಕೆಲಸ ಸಲೀಸು: ಹೆಚ್ಚಿನ 2 ಖಣಕ್ಕೆ 600, ಖಣ 300, ಸೀರೆ 1,500. ಅದೇ ಅವರು 4 ಸೀರೆ, 6 ಖಣಕ್ಕೆ 7,800 ಕೊಟ್ಟಿದ್ದರೆ? ಮೊದಲ ಬಿಲ್ಲನ್ನು ಇಮ್ಮಡಿಸಿ ಕಳೆದರೆ ಉಳಿಯುವುದು 0 = 0. ಎರಡನೆಯ ಬಿಲ್ಲು ಹೊಸದೇನನ್ನೂ ಹೇಳಲಿಲ್ಲ. ಸೀರೆ 1,350, ಖಣ 400 ಎಂದರೂ ಎರಡೂ ಬಿಲ್ಲು ತಾಳೆಯಾಗುತ್ತವೆ. ಇನ್ನು ಚೌಕಾಸಿ ಮಾಡಿ 7,600ಕ್ಕೆ ಇಳಿಸಿದ್ದರೆ 0 = 200 ಬರುತ್ತದೆ: ಇಬ್ಬರಿಗೂ ಹೊಂದುವ ಒಂದೇ ದರ ಇಲ್ಲ. ಇಲ್ಲಿಗೆ ಬಂದ ಮಕ್ಕಳು ಗಾಬರಿಬಿದ್ದು ಇಡೀ ಲೆಕ್ಕಕ್ಕೆ ಅಡ್ಡಗೆರೆ ಎಳೆಯುತ್ತಾರೆ. ಅದರ ಬದಲು ‘ಪರಿಹಾರವಿಲ್ಲ’ ಎಂದು ಬರೆದರೆ ಸಾಕು, ಉತ್ತರ ಅದೇ.